ದಂಡು ಹೋಯಿತು, ಜನ ಉಳಿದರು

1809ರಲ್ಲಿ ಶ್ರೀರಂಗಪಟ್ಟಣದ ದಂಡು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಹೊರಟಿತು. ಟಿಪ್ಪು ಸುಲ್ತಾನ್ ಬಿದ್ದು ಹತ್ತು ವರ್ಷವಾಗಿತ್ತು. ದ್ವೀಪ ಈಸ್ಟ್ ಇಂಡಿಯಾ ಕಂಪನಿಯ ವಶದಲ್ಲಿತ್ತು, ಎದುರು ನಿಲ್ಲುವ ಶತ್ರು ಸುತ್ತಮುತ್ತ ಇರಲಿಲ್ಲ. ಆದರೂ ಸಿಪಾಯಿಗಳು ಸಾಯುತ್ತಿದ್ದರು, ಚಳಿಜ್ವರಕ್ಕೆ. ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನಕ್ಕೆ ಹೋದರೆ ಡಿ ಮ್ಯೂರಾನ್ ರೆಜಿಮೆಂಟಿನ ಸ್ವಿಸ್ ಸೈನಿಕರಿಂದ ಹಿಡಿದು ಅಧಿಕಾರಿಗಳ ಹೆಂಡಿರು ಮಕ್ಕಳವರೆಗೆ ಸಾಲು ಸಾಲು ಸಮಾಧಿ ಕಾಣುತ್ತವೆ. ಇಲ್ಲಿನ ಗಾಳಿ ನೀರು ಸೈನ್ಯಕ್ಕೆ ಆಗಿಬರುವುದಿಲ್ಲವೆಂದು ಕಂಪನಿ ತೀರ್ಮಾನಿಸಿತು. ಬೆಂಗಳೂರಿನ ಕಂಟೋನ್ಮೆಂಟ್ ಹುಟ್ಟಿದ್ದು ಹಾಗೆ.

ನಮ್ಮ ಭಾಗದ ಆರೋಗ್ಯದ ಚರಿತ್ರೆಯನ್ನು ನಾನು ಇಲ್ಲಿಂದಲೇ ಶುರು ಮಾಡುವುದು. ಅಧಿಕಾರ ಇದ್ದವರಿಗೆ ಕಾಯಿಲೆ ಬಂದಾಗ ಇಡೀ ದಂಡೇ ಜಾಗ ಬದಲಾಯಿಸಿತು. ಅದೇ ಸೊಳ್ಳೆ ಕಚ್ಚುತ್ತಿದ್ದ ಗಂಜಾಮಿನವರು, ಕಿರಂಗೂರಿನವರು, ಬೆಳಗೊಳದವರು ಎಲ್ಲಿಗೆ ಹೋಗಬೇಕಿತ್ತು? ಜ್ವರ ಬಿಟ್ಟ ಮೇಲೂ ಹೊಟ್ಟೆಯಲ್ಲಿ ಗಡ್ಡೆ ಹೊತ್ತುಕೊಂಡು, ಮಂಕಾಗಿ, ಗೇಯಲಾರದೆ ಅವರು ಅಲ್ಲೇ ಉಳಿದರು. ಅವರನ್ನು ಕುರಿತು ಯಾರೂ ಬರೆದಿಟ್ಟಿಲ್ಲ.

ನಾನು ಕೆ.ಆರ್.ಪೇಟೆ ತಾಲ್ಲೂಕಿನವಳು, ಕಿಕ್ಕೇರಿ ಹೋಬಳಿಯ ಒಂದು ಸಣ್ಣ ಹಳ್ಳಿ. ವಯಸ್ಸು ಐವತ್ತು ದಾಟಿದೆ. ಎಡಗಾಲು ಪೋಲಿಯೋದಿಂದ ಬತ್ತಿದೆ. ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಜನರ ಬಾಯಲ್ಲಿ ವಿ.ಆರ್.ಡಬ್ಲ್ಯು. ಈ ಕೆಲಸಕ್ಕೆ ನಮ್ಮಂಥ ಅಂಗವಿಕಲರನ್ನೇ ತೆಗೆದುಕೊಳ್ಳುತ್ತಾರೆ. ಪಿಂಚಣಿ ಅರ್ಜಿ, ಅಂಗವಿಕಲರ ಗುರುತಿನ ಯು.ಡಿ.ಐ.ಡಿ. ಕಾರ್ಡು, ಬಸ್ ಪಾಸು, ಗಾಲಿಕುರ್ಚಿ ಅಂತ ಮನೆಮನೆ ತಿರುಗುವುದು ನನ್ನ ಪಾಡು. ತಿರುಗುತ್ತಾ ತಿರುಗುತ್ತಾ ಒಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು: ನಮ್ಮಂಥವರು ಮೊದಲೆಲ್ಲ ಎಲ್ಲಿ ಔಷಧಿ ತೆಗೆದುಕೊಳ್ಳುತ್ತಿದ್ದರು, ಯಾರು ಕರೆದುಕೊಂಡು ಹೋಗುತ್ತಿದ್ದರು? ಅಂದಿನಿಂದ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಹೀಗೆ ಪಾಂಡವಪುರ ಉಪವಿಭಾಗದ ನಾಲ್ಕೂ ತಾಲ್ಲೂಕಿನ ಮುದುಕರನ್ನು ಕೇಳುತ್ತಾ, ಸಿಕ್ಕ ಪುಸ್ತಕ ಓದುತ್ತಾ ಬರೆದಿಡುತ್ತಿದ್ದೇನೆ. 1939ರಲ್ಲಿ ಮಂಡ್ಯ ಜಿಲ್ಲೆ ಆಗುವವರೆಗೆ ಈ ನಾಲ್ಕೂ ಮೈಸೂರು ಜಿಲ್ಲೆಗೆ ಸೇರಿದ್ದವು. ಜಿಲ್ಲೆ ಬೇರೆಯಾದರೂ ಕಾಯಿಲೆಯವರನ್ನು ಹೊತ್ತ ಗಾಡಿ ಇವತ್ತಿಗೂ ಹೆಚ್ಚಾಗಿ ಮೈಸೂರಿನ ಕಡೆಗೇ ತಿರುಗುತ್ತದೆ.

ಹಳೆಯ ಕಾಗದಗಳಲ್ಲಿ ಶ್ರೀರಂಗಪಟ್ಟಣಕ್ಕೆ ಸಂಬಂಧಿಸಿದ ಒಬ್ಬ ಅಂಗವಿಕಲನ ಹೆಸರು ಸಿಗುತ್ತದೆ. ಅವನು ಕಾವಸ್‌ಜಿ. ಊರು ಇದಲ್ಲ, ಮರಾಠಿ ಒಕ್ಕಲಿಗ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ. ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಾಗ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರೆಂದು ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಅಚ್ಚಾದ ಪತ್ರ ಹೇಳುತ್ತದೆ. ಆ ಸ್ಥಿತಿಯಲ್ಲೇ ಅವನು ಶ್ರೀರಂಗಪಟ್ಟಣದ ಹತ್ತಿರ ಬೀಡುಬಿಟ್ಟಿದ್ದ ಬೊಂಬಾಯಿ ಸೈನ್ಯ ಸೇರಿಕೊಂಡ. ವರ್ಷದ ಮೇಲೆ ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಸುಡುವ ಜಾತಿಯ ಒಬ್ಬ ವೈದ್ಯ ಅವನಿಗೆ ಹೊಸ ಮೂಗು ಕಟ್ಟಿದ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆದು, ಅಷ್ಟಗಲ ಚರ್ಮವನ್ನು ಬಿಡಿಸಿ, ಹುಬ್ಬಿನ ನಡುವೆ ಒಂದು ಎಳೆ ಮಾತ್ರ ಅಂಟಿರುವಂತೆ ಬಿಟ್ಟು ಕೆಳಕ್ಕೆ ತಿರುಗಿಸಿ ಕೂಡಿಸಿದ. ಕಂಪನಿಯ ಇಬ್ಬರು ವೈದ್ಯರು ನಿಂತು ನೋಡಿದರು. ಆ ಪತ್ರ ಓದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮದಲ್ಲಿ ಮೂಗು ಕಟ್ಟಿದ. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆ ಬರೆಯುವವರು ಈ ಕಥೆಯನ್ನು ಬಿಡುವುದಿಲ್ಲ.

ಅವರೆಲ್ಲ ಮೂಗಿನ ಬಗ್ಗೆ ಬರೆಯುತ್ತಾರೆ. ನನಗೆ ಅವನ ಕೈಯದೇ ಯೋಚನೆ. ಮೂಗು ಬಂತು, ಕೈ ಹೋದದ್ದು ಹೋಯಿತು. ಒಂದು ಕೈಯಲ್ಲಿ ಎತ್ತಿನ ಹಗ್ಗ ಹಿಡಿಯುವುದು ಹೇಗೆ, ನೊಗ ಕಟ್ಟುವುದು ಹೇಗೆ? ಅವನು ಕಂಪನಿಯ ಪಿಂಚಣಿದಾರನಾಗಿದ್ದ ಎಂದಷ್ಟೇ ಪತ್ರ ಹೇಳಿ ಮುಗಿಸುತ್ತದೆ. ಶ್ರೀರಂಗಪಟ್ಟಣದ ಯುದ್ಧದಲ್ಲಿ ಅಂಗ ಕಳೆದುಕೊಂಡು ಪಿಂಚಣಿ ಪಡೆದವರಲ್ಲಿ ನನಗೆ ಹೆಸರು ಗೊತ್ತಿರುವುದು ಅವನೊಬ್ಬನದೇ. ಚಿಕಿತ್ಸೆಗೆ ಅವನು ಹೋಗಬೇಕಾದದ್ದು ಪುಣೆಗೆ.

ನಮ್ಮ ಸೀಮೆಯಲ್ಲೂ ಕೈ ಕಳೆದುಕೊಂಡವರು ಇದ್ದಾರೆ. ಆಲೆಮನೆಯಲ್ಲಿ ರಾತ್ರಿ ಪಾಳಿ, ನಿದ್ದೆಗಣ್ಣು, ಗಾಣಕ್ಕೆ ಕಬ್ಬು ಕೊಡುವಾಗ ಬೆರಳು ಸಿಕ್ಕಿದರೆ ರಟ್ಟೆಯವರೆಗೆ ಎಳೆದುಕೊಳ್ಳುತ್ತದೆ. ಪಾಂಡವಪುರ, ಕೆ.ಆರ್.ಪೇಟೆ ಕಡೆ ತಿರುಗುವಾಗ ಅಂಗಿ ತೋಳನ್ನು ಮಡಿಸಿ ಪಿನ್ನು ಹಾಕಿಕೊಂಡ ಗಂಡಸರನ್ನು ಕಂಡಿದ್ದೇನೆ. ಮಾತಾಡಿಸಿದರೆ ಗಾಯ ಒಣಗಿದ ಕಥೆ ಹೇಳುತ್ತಾರೆ. ಕೃತಕ ಕೈಯಿಗೆ ಯಾರೂ ಅಳತೆ ತೆಗೆದಿಲ್ಲ.

ಸಿಡುಬಿನ ಕಥೆ ಬೇರೆ. ಆ ರೋಗ ಕೊಂದವರನ್ನು ಬಿಟ್ಟು ಉಳಿದವರಲ್ಲಿ ಎಷ್ಟೋ ಜನರ ಕಣ್ಣು ತೆಗೆಯುತ್ತಿತ್ತು. ‘ಅಮ್ಮ ಆಗಿ ಕಣ್ಣು ಹೋಯ್ತು’ ಎಂಬ ಮಾತನ್ನು ನಾನು ಚಿಕ್ಕವಳಿದ್ದಾಗ ಕೇಳಿದ್ದೇನೆ. ಲಸಿಕೆ 1802ರ ಜೂನ್‌ನಲ್ಲಿ ಬೊಂಬಾಯಿಗೆ ಬಂತು. ಆಗ ಶೀತಲಪೆಟ್ಟಿಗೆ ಇಲ್ಲ. ಒಂದು ಮಗುವಿನ ತೋಳಿನ ಗುಳ್ಳೆಯ ಕೀವನ್ನು ಇನ್ನೊಂದು ಮಗುವಿನ ತೋಳಿಗೆ ಚುಚ್ಚುತ್ತಾ, ತೋಳಿನಿಂದ ತೋಳಿಗೆ ಅದು ಊರೂರು ದಾಟಿತು. 1805ರಲ್ಲಿ ಥಾಮಸ್ ಹಿಕಿ ಬರೆದ ಮೂವರು ರಾಜಮನೆತನದ ಹೆಂಗಸರ ಚಿತ್ರವಿದೆ. ಅದರಲ್ಲಿ ಸೆರಗು ಸರಿಸಿ ತೋಳು ತೋರಿಸುತ್ತಿರುವ ತರುಣಿ ಮೈಸೂರಿನ ರಾಣಿ ದೇವಾಜಮ್ಮಣ್ಣಿ, ಲಸಿಕೆಗೆ ಜನ ಹೆದರದಿರಲೆಂದು ಬರೆಸಿದ ಚಿತ್ರ ಅದು ಎಂದು ಇತಿಹಾಸಕಾರ ನೈಜಲ್ ಚಾನ್ಸಲರ್ ವಾದಿಸುತ್ತಾರೆ. ಲಸಿಕೆ ಹಾಕುವವನು ಜನ ಇದ್ದಲ್ಲಿಗೇ ಹೋಗಬೇಕಿತ್ತು, ಕಾದು ಕೂತರೆ ಯಾರೂ ಬರುತ್ತಿರಲಿಲ್ಲ. ದೇಶದಲ್ಲಿ ಸಿಡುಬು 1975ಕ್ಕೆ ನಿಂತಿದ್ದಕ್ಕೆ ಹಾಗೆ ಹಳ್ಳಿ ಹಳ್ಳಿ ತುಳಿದವರು ಕಾರಣ.

ಮನೆ ಬಾಗಿಲಿಗೆ ಬಂದ ಇನ್ನೊಬ್ಬರು ಜನಗಣತಿಯವರು. 19ನೇ ಶತಮಾನದ ಕೊನೆಯಿಂದ 1931ರವರೆಗೆ ಪ್ರತಿ ಗಣತಿಯಲ್ಲೂ ಒಂದು ಕಲಂ ಇರುತ್ತಿತ್ತು: ಹುಚ್ಚು, ಹುಟ್ಟು ಕಿವುಡು–ಮೂಗು, ಎರಡೂ ಕಣ್ಣಿನ ಕುರುಡು, ಕುಷ್ಠ. ಮೈಸೂರು ಸಂಸ್ಥಾನದಲ್ಲೂ ಹಾಗೇ ಬರೆದುಕೊಂಡರು. ಒಂದು ಕಣ್ಣು ಹೋದವರನ್ನು ಬರೆಯಕೂಡದು ಎಂಬ ಸೂಚನೆ ಇತ್ತು. ಕಾಲಿಲ್ಲದವರಿಗೆ ಆ ಕಲಮಿನಲ್ಲಿ ಜಾಗವೇ ಇರಲಿಲ್ಲ. ಸಂಸ್ಥಾನದ ಗಣತಿ ವರದಿಗಳಲ್ಲಿ ಇಷ್ಟು ಕುರುಡರು, ಇಷ್ಟು ಕುಷ್ಠರೋಗಿಗಳು ಎಂಬ ಕೋಷ್ಟಕ ಪುಟಗಟ್ಟಲೆ ಸಿಗುತ್ತದೆ. ಹೆಸರು ಬರೆದುಕೊಂಡು ಹೋದವರ ಹಿಂದೆ ಔಷಧಿ ಹಿಡಿದುಕೊಂಡು ಇನ್ನೊಬ್ಬರು ಬರಬೇಕಿತ್ತು. ಬಂದಂತೆ ಕಾಣುವುದಿಲ್ಲ.

1931ರ ನಂತರ ಆ ಕಲಮನ್ನೂ ತೆಗೆದರು. 1941, 51, 61, 71: ಸ್ವಾತಂತ್ರ್ಯ ಬಂದು, ಪಂಚವಾರ್ಷಿಕ ಯೋಜನೆ ಮೇಲೆ ಯೋಜನೆ ಮುಗಿದರೂ ಅಂಗವಿಕಲರು ಎಷ್ಟು ಜನ ಎಂದು ಗಣತಿ ಕೇಳಲಿಲ್ಲ. 1981 ಅಂತರರಾಷ್ಟ್ರೀಯ ಅಂಗವಿಕಲರ ವರ್ಷ, ಆಗ ಮತ್ತೆ ಕೇಳಿದರು. ಆದರೆ ‘ಸಂಪೂರ್ಣ’ ಕುರುಡು, ‘ಸಂಪೂರ್ಣ’ ಮೂಗು, ‘ಸಂಪೂರ್ಣ’ ಹೆಳವರು ಮಾತ್ರ. ನಾನು ಆಗ ಏಳು ವರ್ಷದವಳು. ಒಂದು ಕಾಲು ನೆಟ್ಟಗಿತ್ತು, ಗೋಡೆ ಹಿಡಿದು ನಡೆಯುತ್ತಿದ್ದೆ, ಹಾಗಾಗಿ ಲೆಕ್ಕಕ್ಕೆ ಬರುವವಳಲ್ಲ. 1991ರಲ್ಲಿ ಪ್ರಶ್ನೆಯನ್ನು ಮತ್ತೆ ಕೈಬಿಟ್ಟರು. 2001ರಲ್ಲಿ ಐದು ಬಗೆ, 2011ರಲ್ಲಿ ಎಂಟು ಬಗೆ ಎಂದು ಎಣಿಸಿದರು. ಅಂದರೆ ಈ ದೇಶದ ಗಣತಿ ನನ್ನನ್ನು ಅಂಗವಿಕಲೆ ಎಂದು ಗುರುತಿಸುವ ಹೊತ್ತಿಗೆ ನನಗೆ 27 ವರ್ಷ. ಅಷ್ಟರಲ್ಲಿ ಕಾಲಿಗೆ ಆಗಬೇಕಿದ್ದ ಶಸ್ತ್ರಚಿಕಿತ್ಸೆಯ ವಯಸ್ಸು ಮುಗಿದಿತ್ತು, ಬೆನ್ನು ಒಂದು ಕಡೆಗೆ ಬಾಗಿತ್ತು.

2011ರ ಗಣತಿ ಪ್ರಕಾರ ಕರ್ನಾಟಕದ ಅಂಗವಿಕಲರು 13.24 ಲಕ್ಷ, ದೇಶದಲ್ಲಿ 2.68 ಕೋಟಿ, ನೂರಕ್ಕೆ ಎರಡು ಚಿಲ್ಲರೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಹೊರತಂದ ವರದಿ ಪ್ರಪಂಚದಲ್ಲಿ ನೂರಕ್ಕೆ ಹದಿನಾರು ಜನ, ಒಟ್ಟು 130 ಕೋಟಿ ಎನ್ನುತ್ತದೆ. ನಮ್ಮ ದೇಶದಲ್ಲಿ ಅಂಗವೈಕಲ್ಯ ಅಷ್ಟು ಕಡಿಮೆ ಇರುವುದು ಸಾಧ್ಯವಿಲ್ಲ. ಕೇಳುವ ರೀತಿಯಲ್ಲಿ ಕೊರತೆಯಿದೆ. ಹೇಳುವವರ ನಾಚಿಕೆಯೂ ಸೇರಿಕೊಂಡಿದೆ. ‘ನಿಮ್ಮ ಮನೇಲಿ ಅಂಗವಿಕಲರು ಯಾರಾದ್ರೂ ಅವ್ರಾ?’ ಎಂದರೆ ಇಲ್ಲ ಎನ್ನುತ್ತಾರೆ. ‘ಕತ್ತಲಾದ ಮೇಲೆ ಕಣ್ಣು ಕಾಣದೇ ಇರೋರು, ಕೂಗಿದರೆ ಕೇಳದೇ ಇರೋರು?’ ಎಂದು ಬಿಡಿಸಿ ಕೇಳಿದಾಗ ಒಳಕೋಣೆಯಿಂದ ಒಬ್ಬೊಬ್ಬರೇ ಬರುತ್ತಾರೆ.

ಇನ್ನು ನೀರಿನ ಕಥೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1931ರ ಹೊತ್ತಿಗೆ ಮುಗಿಯಿತು. ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ರಾಗಿ ಹೊಲಗಳನ್ನು ಗದ್ದೆ ಮಾಡಿತು. ನಮ್ಮ ಜನ ಆ ನೀರಿಗೆ ಕೈಮುಗಿಯುತ್ತಾರೆ, ನಾನೂ ಮುಗಿಯುತ್ತೇನೆ. ನೀರಿನ ಜೊತೆಗೆ ಮಲೇರಿಯಾ ಕೂಡ ಹೆಚ್ಚಿತು ಎಂಬುದನ್ನು ಮಾತ್ರ ಮರೆಯಬಾರದು. ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1920ರ ದಶಕದ ಕೊನೆಯಿಂದಲೇ ಸೊಳ್ಳೆ, ಜ್ವರಗಳ ಅಧ್ಯಯನ ನಡೆಸಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದ ಮೇಲೆ ಡಿ.ಡಿ.ಟಿ. ಪಂಪು ಹೊತ್ತವರು ಹಟ್ಟಿ, ಕೊಟ್ಟಿಗೆ, ಅಡುಗೆಮನೆಯನ್ನೂ ಬಿಡದೆ ಸಿಂಪಡಿಸಿ ಗೋಡೆಯ ಮೇಲೆ ತಾರೀಖು ಬರೆದುಹೋಗುತ್ತಿದ್ದರು. ನಮ್ಮ ಅಜ್ಜಿ ಆ ಬರಹವನ್ನು ಸುಣ್ಣ ಹೊಡೆಯುವಾಗಲೂ ಅಳಿಸುತ್ತಿರಲಿಲ್ಲವಂತೆ.

ಗದ್ದೆಯ ನೀರಿನಲ್ಲಿ ಹುಟ್ಟುವ ಇನ್ನೊಂದು ಜಾತಿಯ ಸೊಳ್ಳೆ ಬೇರೊಂದು ಕೇಡು ತಂದಿತು, ಮೆದುಳು ಜ್ವರ. ವೈರಸ್ ಇರುವುದು ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ, ಬೆಳೆಯುವುದು ಹಂದಿಯ ಮೈಯಲ್ಲಿ, ಸಾಗಿಸುವುದು ಕ್ಯೂಲೆಕ್ಸ್ ಸೊಳ್ಳೆ. 1980ರ ದಶಕದಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಸೊಳ್ಳೆ ಹಿಡಿದು, ಹಂದಿಗಳ ರಕ್ತ ಪರೀಕ್ಷಿಸಿ ಈ ಸುತ್ತನ್ನು ಬಿಡಿಸಿದರು. ಒಳ್ಳೆಯ ಕೆಲಸ. ಈ ಜ್ವರ ಮೆದುಳಿಗೇರಿದವರಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಜನ ಸಾಯುತ್ತಾರೆ. ಬದುಕಿದವರಲ್ಲಿ ನೂರಕ್ಕೆ ಮೂವತ್ತರಿಂದ ಐವತ್ತು ಜನಕ್ಕೆ ಮಾತು, ನಡಿಗೆ, ಬುದ್ಧಿ ಯಾವುದಾದರೊಂದು ಕುಂದುತ್ತದೆ. ಸತ್ತವರ ಲೆಕ್ಕ ಪತ್ರಿಕೆಯಲ್ಲಿ ಬಂತು. ಬದುಕಿ ಮನೆಗೆ ಮರಳಿದ ಮಕ್ಕಳು ಮಾತ್ರ ಅವ್ವಂದಿರ ಸೊಂಟದ ಮೇಲೇ ದೊಡ್ಡವರಾದರು. ಶ್ರೀರಂಗಪಟ್ಟಣ ತಾಲ್ಲೂಕಿನ ಒಬ್ಬ ತಾಯಿ ನನಗೆ ಹೇಳಿದ್ದು: ‘ಮಗ ಉಳ್ಕಂಡ ಅಂತ ಊರೆಲ್ಲ ಸಂತೋಷ ಪಟ್ಟರು ಕಣಕ್ಕ. ಆಮೇಲೆ ಯಾವ ಡಾಕ್ಟ್ರೂ ಅವನ್ನ ನೋಡ್ನಿಲ್ಲ.’ ದೇಶದಲ್ಲಿ ಈ ರೋಗದ ಲಸಿಕೆ ಅಭಿಯಾನ 2006ರಲ್ಲಿ ಆರಂಭವಾಗಿ ಆಮೇಲೆ ಮಂಡ್ಯಕ್ಕೂ ಬಂತು. ಆ ಹೊತ್ತಿಗೆ ಅವಳ ಮಗ ಇಪ್ಪತ್ತು ದಾಟಿದ್ದ.

ನನ್ನ ಕಾಲಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಕೈಕೂಸಾಗಿದ್ದಾಗ ಮೂರು ದಿನ ಜ್ವರ ಬಿಡದಿದ್ದಕ್ಕೆ ಒಂದು ಖಾಸಗಿ ದವಾಖಾನೆಯಲ್ಲಿ ತೊಡೆಗೆ ಸೂಜಿ ಚುಚ್ಚಿದರಂತೆ. ಬೆಳಗಾಗುವಷ್ಟರಲ್ಲಿ ಕಾಲು ಜೋತುಬಿದ್ದಿತ್ತು. ‘ಸೂಜಿ ಹಾಕ್ಸಿ ಮಗೀನ ಕಾಲು ಕಳುದ್ರು’ ಎಂದು ಮನೆಯಲ್ಲಿ ವರ್ಷಗಟ್ಟಲೆ ಜಗಳ. ಪೋಲಿಯೋ ವೈರಸ್ ಮೈಯಲ್ಲಿರುವಾಗ ಮಾಂಸಖಂಡಕ್ಕೆ ಸೂಜಿ ಚುಚ್ಚಿದರೆ ಅದೇ ಅಂಗಕ್ಕೆ ಲಕ್ವ ಹೊಡೆಯುವ ಅಪಾಯ ಹೆಚ್ಚುತ್ತದೆ ಎಂಬುದನ್ನು ವೈದ್ಯಶಾಸ್ತ್ರವೇ ಒಪ್ಪಿದೆ. ನಮ್ಮವ್ವ ಅದನ್ನು ಓದದೆಯೇ ಹೇಳುತ್ತಿದ್ದಳು. ಬಾಯಿಗೆ ಹಾಕುವ ಪೋಲಿಯೋ ಹನಿ ನಮ್ಮಂಥ ಊರುಗಳಿಗೆ ಬಂದದ್ದು ನಾನು ಹುಟ್ಟಿದ ಎಷ್ಟೋ ವರ್ಷದ ಮೇಲೆ. 1995ರಿಂದ ಪಲ್ಸ್ ಪೋಲಿಯೋ ಬೂತು ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಇಟ್ಟಿಗೆ ಗೂಡಿನ ಹತ್ತಿರ ಕೂತಿತು. ಬಾರದ ಮಗುವನ್ನು ಹುಡುಕಿಕೊಂಡು ಹೋಯಿತು. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೋ ವೈರಸ್ಸಿನ ಒಂದೂ ಪ್ರಕರಣ ಬರಲಿಲ್ಲ, 2014ರಲ್ಲಿ ಪೋಲಿಯೋ ಮುಕ್ತವೆಂದು ಸಾರಿದರು. ರೋಗ ಓಡಿಸಿದ ಆ ವ್ಯವಸ್ಥೆ ರೋಗ ಬಂದು ಹೋದ ನಮ್ಮನ್ನು ಹುಡುಕಿಕೊಂಡು ಬರಲಿಲ್ಲ.

ದೊಡ್ಡ ಸಂಸ್ಥೆಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. ಮೈಸೂರಿನ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರದು. ಮೇರಿ ಹೋಲ್ಡ್ಸ್‌ವರ್ತ್ ಹೆಸರಿನ ಮಿಷನ್ ಆಸ್ಪತ್ರೆ 1906ರದು. ಆಮೇಲೆ ಕೃಷ್ಣರಾಜೇಂದ್ರ ಆಸ್ಪತ್ರೆ, ನಮ್ಮ ಬಾಯಲ್ಲಿ ದೊಡ್ಡಾಸ್ಪತ್ರೆ. ನಾಗಮಂಗಲ ತಾಲ್ಲೂಕಿನ ಬಿ.ಜಿ.ನಗರದಲ್ಲಿ ಆದಿಚುಂಚನಗಿರಿ ಮಠ 1986ರಲ್ಲಿ ಕಟ್ಟಿದ ವೈದ್ಯಕೀಯ ಕಾಲೇಜಿದೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆಯಿದೆ. ಮೇಲುಕೋಟೆಯಲ್ಲಿ ಗಾಂಧಿವಾದಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ದಿಕ್ಕಿಲ್ಲದ ಮಕ್ಕಳಿಗಾಗಿ ಕರುಣಾ ಗೃಹ ನಡೆಸಿತು. 1965ರಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಪಕ್ಕ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಬಂತು. ದೇಶದ ಮೂಲೆ ಮೂಲೆಯಿಂದ ಕಿವಿ ಕೇಳದ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಶ್ರೀರಂಗಪಟ್ಟಣದಿಂದ ಅರ್ಧ ಗಂಟೆಯ ದಾರಿ.

ಅರ್ಧ ಗಂಟೆ ಯಾರಿಗೆ? ನಾಗಮಂಗಲ ತಾಲ್ಲೂಕಿನ ಒಬ್ಬ ಅಜ್ಜಿಗೆ ಎರಡೂ ಕಣ್ಣಲ್ಲಿ ಪೊರೆ. ‘ಆಸ್ಪತ್ರೆ ಅದೆ ಕಣವ್ವ, ಇಲ್ಲ ಅಂದೋರ್ಯಾರು? ಕರ್ಕಂಡೋಗೋರು ಬೇಕಲ್ಲ. ಮಗಂಗೆ ಒಂದಿನದ ಕೂಲಿ ಹೋಯ್ತದೆ’ ಎಂದಳು. ಪೊರೆ ತೆಗೆಯುವುದು ಪುಕ್ಕಟೆ, ಕನ್ನಡಕವೂ ಪುಕ್ಕಟೆ. ಬಸ್ಸಿನ ಮೆಟ್ಟಿಲು, ಜೊತೆಗೆ ಬರುವವರ ಕೂಲಿ, ಮಧ್ಯಾಹ್ನದ ಊಟ, ‘ನಾಳೆ ಬನ್ನಿ’ ಎಂಬ ಮಾತು, ಇವು ಪುಕ್ಕಟೆಯಲ್ಲ. ಓಡಾಟದ ತೊಂದರೆ ಮತ್ತು ಖರ್ಚು ಅಂಗವಿಕಲರಿಗೆ ಉಳಿದವರಿಗಿಂತ 15 ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಬರೆದಿದೆ. ಕೆಲವರು ಉಳಿದವರಿಗಿಂತ 20 ವರ್ಷದಷ್ಟು ಮೊದಲೇ ಸಾಯುತ್ತಾರೆ ಎಂದೂ ಅದೇ ವರದಿಯಲ್ಲಿದೆ.

ಆ ಸಾವು ಹೇಗೆ ಬರುತ್ತದೆಂದು ನಾನು ಕಂಡಿದ್ದೇನೆ. ನಮ್ಮದು ತೆಂಗಿನ ಸೀಮೆ. ಮರದಿಂದ ಬಿದ್ದು ಬೆನ್ನುಹುರಿ ಮುರಿದವರನ್ನು ಆಂಬುಲೆನ್ಸಿನಲ್ಲಿ ಒಯ್ದು ಆಪರೇಷನ್ ಮಾಡಿಸುತ್ತಾರೆ, ಊರೇ ದುಡ್ಡು ಕೂಡಿಸುತ್ತದೆ. ಮನೆಗೆ ಬಂದ ಮೇಲೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಮೂತ್ರದ ಟ್ಯೂಬ್ ಹೀಗೆ ಬದಲಿಸಬೇಕು ಎಂದು ಹೇಳಿಕೊಡುವವರಿಲ್ಲ. ಹಾಸಿಗೆ ಹುಣ್ಣಾಗುತ್ತದೆ, ಕೀವಾಗುತ್ತದೆ, ಮೂತ್ರದ ಸೋಂಕು ಕಿಡ್ನಿಗೆ ಏರುತ್ತದೆ. ಮೂವತ್ತೈದರ ಗಂಡಸು ಹೀಗೆ ಹೋದಾಗ ‘ಮರದಿಂದ ಬಿದ್ದವನು ಸತ್ತ’ ಎಂದು ಮಾತಾಡಿಕೊಳ್ಳುತ್ತಾರೆ. ಅವನನ್ನು ಕೊಂದದ್ದು ಮರವಲ್ಲ. ಹುಣ್ಣು ತೊಳೆದು ಕಟ್ಟುವುದನ್ನು ಬಲ್ಲ ಒಬ್ಬ ನರ್ಸಮ್ಮ ವಾರಕ್ಕೊಮ್ಮೆ ಮನೆಗೆ ಬಂದಿದ್ದರೆ ಅವನು ಬದುಕುತ್ತಿದ್ದ.

ಹೆಂಗಸರ ಪಾಡು ಇನ್ನೂ ಬಿಗಿ. ಕಿವಿ ಕೇಳದ ಬಸುರಿಯನ್ನು ಒಬ್ಬ ಡಾಕ್ಟರು ಪರೀಕ್ಷೆ ಮಾಡುವಾಗ ನಾನು ಪಕ್ಕದಲ್ಲಿದ್ದೆ. ಅವರು ಕೇಳಿದ್ದೆಲ್ಲ ಅತ್ತೆಯನ್ನು. ಎಷ್ಟು ತಿಂಗಳು, ಎಲ್ಲಿ ನೋವು, ಮಗು ಒದೆಯುತ್ತದಾ, ಎಲ್ಲಕ್ಕೂ ಅತ್ತೆಯದೇ ಉತ್ತರ. ಬಸುರಿ ಒಮ್ಮೆ ಅವರ ಮುಖ, ಒಮ್ಮೆ ಇವರ ಮುಖ ನೋಡುತ್ತಿದ್ದಳು. ಮೈಯಲ್ಲಿ ಏನಾಗುತ್ತಿದೆ ಎಂದು ಗೊತ್ತಿದ್ದದ್ದು ಅವಳೊಬ್ಬಳಿಗೆ. ಪರೀಕ್ಷೆಯ ಮೇಜು ನನ್ನ ಎದೆಯ ಎತ್ತರ ಇರುತ್ತದೆ. ಅದರ ಮೇಲೆ ಹತ್ತಿಸಲು ಆಯಾ ಗಂಡಸರನ್ನು ಕರೆಯುತ್ತಾಳೆ. ಅದಕ್ಕೆ ಹೆದರಿ ಬಿಳಿಸೆರಗು, ಗರ್ಭಕೋಶದ ನೋವು ಯಾವುದನ್ನೂ ತೋರಿಸಿಕೊಳ್ಳದ ಹೆಂಗಸರು ಎಷ್ಟೋ ಜನ ನನ್ನ ಹತ್ತಿರ ಅತ್ತಿದ್ದಾರೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಒಪ್ಪಿದೆ. ಅದರ 25ನೇ ಕಲಮನ್ನು ನಾನು ಪಂಚಾಯ್ತಿ ಸಭೆಗಳಲ್ಲಿ ಓದಿ ಹೇಳುತ್ತೇನೆ: ಹಳ್ಳಿಗಾಡಿನಲ್ಲಿ ಮನೆಯ ಹತ್ತಿರದಲ್ಲೇ ಚಿಕಿತ್ಸೆ, ಬಡವರಿಗೆ ಉಚಿತವಾಗಿ, ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಯ ಎಲ್ಲ ಭಾಗಕ್ಕೂ ಅಡೆತಡೆ ಇಲ್ಲದ ಪ್ರವೇಶ, ಸರದಿಯಲ್ಲಿ ಆದ್ಯತೆ. ‘ಹತ್ತಿರದಲ್ಲೇ’ ಎಂದು ಕಾನೂನೇ ಹೇಳಿದ ಮೇಲೆ ಕೆ.ಆರ್.ಪೇಟೆಯ ಮೂಲೆಯ ಹಳ್ಳಿಯಿಂದ ಅಂಗವೈಕಲ್ಯದ ಸರ್ಟಿಫಿಕೇಟಿಗಾಗಿ ಮಂಡ್ಯದವರೆಗೆ ಒಬ್ಬ ಮನುಷ್ಯನನ್ನು ಹೊತ್ತುಕೊಂಡು ಹೋಗುವಂತಾಗಬಾರದು. ತಾಲ್ಲೂಕು ಶಿಬಿರ ನಡೆದಾಗ ಜನ ಕಿಕ್ಕಿರಿಯುತ್ತಾರೆ, ಅಂದರೆ ಅವಶ್ಯಕತೆ ಎಲ್ಲಿದೆ ಎಂಬುದು ಇಲಾಖೆಗೆ ಗೊತ್ತಾಗದ ವಿಷಯವೇನಲ್ಲ.

ಹತ್ತಿರಕ್ಕೆ ಬಂದಾಗ ಏನಾಗುತ್ತದೆಂಬುದಕ್ಕೆ ನಮ್ಮ ತಾಲ್ಲೂಕಿನಲ್ಲೇ ಸಾಕ್ಷಿಯಿದೆ. ಹೇಮಾವತಿ ದಂಡೆಯ ಅಕ್ಕಿಹೆಬ್ಬಾಳು, ಸಾಹಿತಿ ಎ.ಎನ್. ಮೂರ್ತಿರಾಯರು ಹುಟ್ಟಿದ ಊರು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ ತನ್ನ ಹೊರ ಸೇವಾ ಕೇಂದ್ರ ತೆರೆದಿದೆ. ಕಿವಿ ಪರೀಕ್ಷೆ, ಮಾತಿನ ತರಬೇತಿ ಅಲ್ಲೇ. ಮೈಸೂರಿಗೆ ಹೋಗಲು ಸಾಲ ಮಾಡಬೇಕಿದ್ದ ತಾಯಂದಿರು ಕಳೆ ಕಿತ್ತು ಮುಗಿಸಿ ಮಗುವನ್ನು ಎತ್ತಿಕೊಂಡು ಬರುತ್ತಾರೆ. ಮಗು ಹುಟ್ಟಿದ ಮೊದಲ ತಿಂಗಳುಗಳಲ್ಲೇ ಕಿವುಡು ಗೊತ್ತಾದರೆ ಯಂತ್ರ ಹಾಕಿ ಮಾತು ಕಲಿಸಬಹುದು. ನಾಲ್ಕು ವರ್ಷ ಕಳೆದು ‘ಇದ್ಯಾಕೋ ಮಾತಾಡ್ತಿಲ್ಲ’ ಎಂದುಕೊಂಡು ಹೊರಟರೆ ಕಷ್ಟ. ಕಿವಿಗೆ ಆದದ್ದು ಕಣ್ಣಿಗೆ, ಕೈಕಾಲಿಗೆ, ಮನಸ್ಸಿಗೆ ಆಗಬಾರದೇಕೆ? ಮಂಗಳವಾರದ ಮನೋಚೈತನ್ಯ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ ಎಂದು ಹೇಳಿ ಎಷ್ಟೋ ಮನೆಯವರನ್ನು ನಾನೇ ಒಪ್ಪಿಸಿ ಕಳಿಸಿದ್ದೇನೆ. ಅದೇ ರೀತಿ ವಾರಕ್ಕೊಂದು ದಿನ ಒಬ್ಬ ಫಿಸಿಯೋಥೆರಪಿಸ್ಟ್, ತಿಂಗಳಿಗೊಮ್ಮೆ ಕೃತಕ ಅಂಗದ ಅಳತೆ ತೆಗೆಯುವವರು, ಕೆಳಕ್ಕೆ ಇಳಿಸಬಹುದಾದ ಒಂದು ಪರೀಕ್ಷೆ ಮೇಜು. ಹೋಬಳಿಗೊಂದು ಕೇಂದ್ರದಲ್ಲಿ ಇಷ್ಟಿದ್ದರೂ ನಾಲ್ಕು ತಾಲ್ಲೂಕಿನ ಕಥೆ ಬೇರೆಯಾಗುತ್ತದೆ.

ಮುಂದಿನ ಜನಗಣತಿ 2027ಕ್ಕೆ ಎಂದು ಗೊತ್ತಾಗಿದೆ. ಹೋದ ಮನೆಯಲ್ಲೆಲ್ಲ ಈಗಿನಿಂದಲೇ ಹೇಳಿ ಬರುತ್ತಿದ್ದೇನೆ: ಬರೆದುಕೊಳ್ಳುವವರು ಬಂದಾಗ ಒಳಕೋಣೆಯಲ್ಲಿರುವವರ ಹೆಸರನ್ನೂ ಬರೆಸಿ, ಏನು ಕಾಣುವುದಿಲ್ಲ, ಏನು ಕೇಳುವುದಿಲ್ಲ, ಯಾವ ಕಾಲು ಎಂಬುದನ್ನು ಬಿಡಿಸಿ ಹೇಳಿ, ಅವರು ಕೇಳದಿದ್ದರೂ ಹೇಳಿ. ನನ್ನ ಪುಸ್ತಕದಲ್ಲಿ ನಾನು ಬೇರೆ ಮೂರು ಪ್ರಶ್ನೆ ಬರೆದುಕೊಂಡಿದ್ದೇನೆ. ಕೊನೆಯ ಸಲ ಆಸ್ಪತ್ರೆಗೆ ನಿಮ್ಮನ್ನು ಯಾರು ಕರೆದುಕೊಂಡು ಹೋದರು, ಅವರಿಗೆ ಎಷ್ಟು ಕೂಲಿ ಹೋಯಿತು, ಡಾಕ್ಟರು ನಿಮ್ಮನ್ನು ಮಾತಾಡಿಸಿದರೋ ಜೊತೆಯವರನ್ನೋ. ಕಿಕ್ಕೇರಿ, ಶೀಳನೆರೆ, ಬೂಕನಕೆರೆ ಹೋಬಳಿ ಮುಗಿಯುತ್ತಾ ಬಂದಿದೆ. ಸುಗ್ಗಿ ಕಳೆದ ಮೇಲೆ ನಾಗಮಂಗಲ ತಾಲ್ಲೂಕಿನ ದೇವಲಾಪುರ, ಬಿಂಡಿಗನವಿಲೆ ಕಡೆಗೆ ಹೊರಡಬೇಕು.